ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಶಾಲಾ ಮಕ್ಕಳ ಆಟಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಭೆಯ ವ್ಯವಸ್ಥಾಪಕರು ನನಗೆ ಅಪ್ಪಣೆ ಮಾಡಿದ್ದಾರೆ. ಪಾಠವೆಲ್ಲ ಮುಗಿದ ಬಳಿಕ ಉಳಿಯುವ ಹೊತ್ತನ್ನು ಕಳೆಯುವುದಕ್ಕೆ ಆಟವೆಂದು ತಿಳಿಯುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಪರೀಕ್ಷೆ ಸಮೀಪಿಸಿದೊಡನೆ ಗಣಿತಕ್ಕೋ ವಿಜ್ಞಾನಕ್ಕೋ ಬಲಿಯಾಗುವುದು ವೇಳಾಪಟ್ಟಿಯಲ್ಲಿನ ಆಟದ ಅವಧಿಯೇ ಅಲ್ಲವೇ?

ಆದರೆ ಬಲ್ಲವರ ಅಭಿಪ್ರಾಯ ಬೇರೆಯಾಗಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತೆ ಮೈ ದಣಿಸಬೇಕೆಂದೂ, ವಾರದಲ್ಲಿ ಕನಿಷ್ಠ 3 ದಿನ ಎಲುಬು ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಆಟವು ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಸಾರುತ್ತದೆ. ಭಾರತವು 1992ರಲ್ಲಿ ಅದನ್ನು ಅಂಗೀಕರಿಸಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯೂ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಬಯಲನ್ನು ಸೇರಿಸಿದೆ. ಬಯಲಿನ ಬೆಳಕು ಕಣ್ಣಿಗೂ ಹಿತವೇ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಡಲಾಯಿತು. ಮೂರು ವರ್ಷಗಳಲ್ಲಿ ಅವರೊಳಗೆ ಹೊಸದಾಗಿ ಸಮೀಪದೃಷ್ಟಿ ದೋಷ ಕಾಣಿಸಿಕೊಂಡದ್ದು ನೂರಕ್ಕೆ ಸುಮಾರು 30 ಮಂದಿಗೆ. ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40 ಮಂದಿಗೆ. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಆದುದರಿಂದ ಆಟ ಬೇಕೇ ಬೇಡವೇ ಎಂಬುದು ಇತ್ಯರ್ಥವಾದ ವಿಷಯ. ನಾನು ತಮ್ಮ ಮುಂದಿಡಬಯಸುವ ಪ್ರಶ್ನೆ ಇನ್ನೊಂದು: ಆಡುವವರು ಯಾರು?

ಕನ್ನಡದಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತಿದೆ. ಎಳೆಯ ತಮ್ಮನನ್ನೋ ತಂಗಿಯನ್ನೋ ದೊಡ್ಡ ಮಕ್ಕಳು ಆಟಕ್ಕೆ ಸೇರಿಸಿಕೊಂಡು, ಆ ಕೂಸು ಔಟಾದರೂ ಔಟೆಂದು ಎಣಿಸದೆ ಆಡಿಸುತ್ತಿದ್ದರು. ಅದರಲ್ಲೊಂದು ಕರುಣೆಯಿತ್ತು. ಇಂದು ಅನೇಕ ಶಾಲೆಗಳಲ್ಲಿ ಈ ಮಾತು ತಿರುವುಮುರುವಾಗಿದೆ. ಹಾಜರಿ ಪುಸ್ತಕದಲ್ಲಿ ಹೆಸರುಂಟು, ಅಂಗಳದಲ್ಲಿ ಪಾಲಿಲ್ಲ. ತಂಡಕ್ಕೆ ಆಯ್ಕೆಯಾದ ಹತ್ತು ಹನ್ನೆರಡು ಮಂದಿ ಆಡುತ್ತಾರೆ. ಸ್ಥೂಲಕಾಯದ ಹುಡುಗ, ದಪ್ಪ ಕನ್ನಡಕದ ಹುಡುಗಿ, ಕಾಲು ಎಳೆದು ನಡೆಯುವ ಮಗು ಗೋಡೆಯ ಪಕ್ಕದಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ!

ನಾವು ಆರಿಸುವ ಆಟಗಳೂ ಇದಕ್ಕೆ ಕಾರಣ. ಹಬ್ಬದ ದಿನ ತಪ್ಪದೆ ನಡೆಯುವ ಸಂಗೀತ ಕುರ್ಚಿಯನ್ನೇ ನೋಡೋಣ. ಇಪ್ಪತ್ತು ಮಕ್ಕಳು, ಹತ್ತೊಂಬತ್ತು ಕುರ್ಚಿ. ಮೊದಲ ಸುತ್ತಿನಲ್ಲಿ ಹೊರಬೀಳುವುದು ಬಹುಶಃ ಎಲ್ಲರಿಗಿಂತ ನಿಧಾನಿಯಾದ ಮಗು. ಮಿಕ್ಕ ಹದಿನೆಂಟು ಸುತ್ತುಗಳನ್ನು ಅದು ನೋಡುತ್ತ ಕೂರಬೇಕು. ಯಾರಿಗೆ ಓಟ ಹೆಚ್ಚು ಬೇಕೋ ಅವರಿಗೇ ಕಡಿಮೆ ಓಟ ದೊರೆಯುವ ವಿಚಿತ್ರ ನ್ಯಾಯವಿದು. ಇದೇ ಆಟವನ್ನು ಬೇರೆ ಬಗೆಯಾಗಿಯೂ ಆಡಿಸಬಹುದು. ಪ್ರತಿ ಸುತ್ತಿನಲ್ಲೂ ಕುರ್ಚಿಯೊಂದನ್ನು ತೆಗೆಯಿರಿ, ಮಗುವನ್ನು ತೆಗೆಯಬೇಡಿ. ಉಳಿದ ಕುರ್ಚಿಗಳಲ್ಲಿ ಎಲ್ಲರೂ ಒತ್ತೊತ್ತಾಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂರಬೇಕೆಂದು ಹೇಳಿರಿ. ಆಗ ಆಟ ಮುಗಿಯುವುದು ಎಲ್ಲರ ನಗುವಿನಲ್ಲಿ.

ನಮ್ಮ ಹಿರಿಯರ ಆಟಗಳಲ್ಲಿ ಈ ವಿವೇಕ ಮೊದಲಿನಿಂದಲೂ ಇದೆ. ಕಬಡ್ಡಿಯಲ್ಲಿ ಕಡೆಗೆ ಏಳು ಮಂದಿ. ಔಟಾದವನು ಗೆರೆಯಾಚೆ ಕೂರುತ್ತಾನೆ ನಿಜ. ಆದರೆ ಎದುರು ಪಕ್ಷದವನೊಬ್ಬನನ್ನು ಇವನ ಸಂಗಡಿಗರು ಔಟು ಮಾಡಿದರೆ ಇವನು ಮರಳಿ ಅಂಗಣಕ್ಕೆ ಬರುತ್ತಾನೆ. ಬಿದ್ದವನನ್ನು ಜೊತೆಗಾರರು ಎಬ್ಬಿಸುವ ನಿಯಮವದು. ಖೋ-ಖೋದಲ್ಲಿ ಎಂಟು ಮಂದಿ ಸಾಲಾಗಿ, ಒಬ್ಬರು ಆ ಕಡೆಗೂ ಮತ್ತೊಬ್ಬರು ಈ ಕಡೆಗೂ ಮುಖಮಾಡಿ ಕುಳಿತಿರುತ್ತಾರೆ. ಅಟ್ಟುವವನು ಸಾಲನ್ನು ನಡುವೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬಿಡುವಂತಿಲ್ಲ. ಹೀಗಿರಲು ಒಬ್ಬನ ವೇಗದಿಂದಲೇ ಗೆಲ್ಲಲಾಗದು. ತಕ್ಕ ಗಳಿಗೆಯಲ್ಲಿ ಗೆಳೆಯನಿಗೆ ‘ಖೋ’ ಕೊಟ್ಟು ತಾನು ಕೂರಬೇಕು. ಲಗೋರಿಯಲ್ಲಿ ಗುರಿಯಿಟ್ಟು ಬಿಲ್ಲೆಗಳನ್ನು ಕೆಡಹುವವನು ಒಬ್ಬನಾದರೆ, ಚೆಂಡಿಗೆ ಸಿಗದೆ ನುಸುಳಿ ಅವುಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸುವವನು ಇನ್ನೊಬ್ಬ. ಓಟ ಬಾರದವನಿಗೂ ಇಲ್ಲಿ ಕೆಲಸವುಂಟು. ಕುಂಟೆಬಿಲ್ಲೆಗೆ ಬೇಕಾದುದು ನೆಲದ ಮೇಲೆ ನಾಲ್ಕು ಗೆರೆ ಮತ್ತು ಒಂದು ಹಂಚಿನ ಚೂರು ಮಾತ್ರ. ಮೈಯ ಸಮತೋಲಕ್ಕೆ ಅದಕ್ಕಿಂತ ಅಗ್ಗದ ಗುರು ಸಿಗಲಾರ. ಚಿನ್ನಿದಾಂಡಿನಲ್ಲಿ ಮಾತ್ರ ಎಚ್ಚರವಿರಲಿ. ಚಿನ್ನಿ ಕಣ್ಣಿಗೆ ತಾಗಿದರೆ ಅನಾಹುತ. ನೋಡುವವರು ಹೊಡೆಯುವವನ ಹಿಂದೆ, ದೂರದಲ್ಲಿ ನಿಲ್ಲಲಿ.

ಪಕ್ಷ ಕಟ್ಟುವ ರೀತಿಯೂ ಮುಖ್ಯವಾದುದು. ನಾಯಕರಿಬ್ಬರು ಎದುರಿಗೆ ನಿಂತು ಒಬ್ಬೊಬ್ಬರನ್ನೇ ಕರೆದುಕೊಂಡರೆ, ಕೊನೆಯಲ್ಲಿ ಉಳಿದ ಮಗುವಿಗೆ ಆಟಕ್ಕೆ ಮೊದಲೇ ಸೋಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿತ್ತು. ಸಮಬಲದ ಇಬ್ಬಿಬ್ಬರು ಜೋಡಿಯಾಗಿ ದೂರ ಹೋಗಿ, ಗುಟ್ಟಾಗಿ ಒಬ್ಬನು ಹೂವೆಂದೂ ಮತ್ತೊಬ್ಬನು ಹಣ್ಣೆಂದೂ ಹೆಸರಿಟ್ಟುಕೊಂಡು ಹೆಗಲ ಮೇಲೆ ಕೈಹಾಕಿ ಬರುತ್ತಿದ್ದರು. ‘ಹೂವು ಬೇಕೋ, ಹಣ್ಣು ಬೇಕೋ?’ ನಾಯಕನು ಕೇಳಿಕೊಂಡದ್ದು ಅವನ ಪಾಲಿಗೆ. ಪಕ್ಷಗಳು ಸಮನಾದುವು, ಯಾರೂ ಕೊನೆಯವರಾಗಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಹತ್ತು ಹನ್ನೊಂದು ವರ್ಷ ತುಂಬಿದೊಡನೆ, ‘ಇನ್ನು ಕುಣಿದಾಟ ಸಾಕು, ಒಳಗೆ ಕೆಲಸವಿದೆ’ ಎಂದು ಅವರನ್ನು ಕರೆಯುವ ಮನೆಗಳು ಇನ್ನೂ ಇವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಗೆದ್ದರು, ಮಹಿಳೆಯರೂ ಗೆದ್ದರು. ಆ ಹೆಣ್ಣುಮಕ್ಕಳನ್ನೂ ಒಳಗೆ ಕರೆದುಬಿಟ್ಟಿದ್ದರೆ ಕಪ್ಪು ಎಲ್ಲಿಂದ ಬರುತ್ತಿತ್ತು? ಕಪ್ಪು ಬಾರದಿದ್ದರೂ ಚಿಂತೆಯಿಲ್ಲ. ಎಲುಬು ಗಟ್ಟಿಯಾಗುವ ವಯಸ್ಸು ಹುಡುಗಿಯರಿಗೂ ಅದೇ ಅಲ್ಲವೇ?

ಇನ್ನು ಜಗಳದ ಮಾತು. ‘ಔಟು’, ‘ಅಲ್ಲ’ ಎಂದು ಮಕ್ಕಳು ವಾದಿಸಿದ ಕೂಡಲೇ ನಾವು ನಡುವೆ ಹೋಗಿ ತೀರ್ಪು ಕೊಡುತ್ತೇವೆ. ಹೊಡೆದಾಟಕ್ಕೆ ತಿರುಗದಿರುವವರೆಗೆ ಸ್ವಲ್ಪ ತಾಳೋಣ. ಜಗಳ ತೀರದಿದ್ದರೆ ಆಟ ನಿಲ್ಲುವುದೆಂದು ಅವರಿಗೆ ಗೊತ್ತು. ಆದುದರಿಂದ ತಾವೇ ತೀರಿಸಿಕೊಳ್ಳುತ್ತಾರೆ. ತನ್ನ ಮಾತು ನಡೆಯದಿದ್ದರೂ ಜೊತೆಯಲ್ಲಿ ಆಡುವುದನ್ನು ಕಲಿತ ಮಗು ಮುಂದೆ ಸಂಸಾರದಲ್ಲಿಯೂ ಸಮಾಜದಲ್ಲಿಯೂ ಬಾಳಬಲ್ಲದು.

ಕಡೆಯಲ್ಲಿ ನನ್ನ ವಿನಂತಿ ಮೂರು. ಉಪಾಧ್ಯಾಯರೇ, ಆಟದ ಅವಧಿಯನ್ನು ಮಾರ್ಚ್ ತಿಂಗಳಲ್ಲಿಯೂ ಉಳಿಸಿರಿ. ತಾಯಿತಂದೆಗಳೇ, ಸಂಜೆಯ ಒಂದು ಗಂಟೆಯನ್ನು ಟ್ಯೂಷನ್ನಿಗೂ ಮೊಬೈಲಿಗೂ ಕೊಡದೆ ಮಕ್ಕಳಿಗೇ ಕೊಡಿರಿ. ಊರ ಹಿರಿಯರೇ, ಇರುವ ಬಯಲಿನಲ್ಲಿ ವಾಹನ ನಿಲ್ಲಿಸದೆ ಅದನ್ನು ಬಯಲಾಗಿಯೇ ಬಿಡಿರಿ. ನಾಳೆ ಸಂಜೆ ಅಂಗಳದ ಕಡೆ ಕಣ್ಣು ಹಾಯಿಸಿದಾಗ ಗೆದ್ದವರು ಯಾರೆಂದು ಕೇಳುವ ಮೊದಲು, ಗೋಡೆಯ ಪಕ್ಕದಲ್ಲಿ ಕುಳಿತವರು ಯಾರಾದರೂ ಇದ್ದಾರೆಯೇ ಎಂದು ನೋಡೋಣ. ನಮ್ಮ ಪ್ರತಿಯೊಂದು ಮಗುವೂ ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು ಎನ್ನುವಂತಾಗಲಿ.