ಸರವಾತ್ ಶಿಖರದಿಂದ ಕೆಂಪು ಸಮುದ್ರದ ದಂಡೆಗೆ



ಸೌದಿ ಅರೇಬಿಯಾದಲ್ಲಿ ಹಕ್ಕಿ ನೋಡಲು ಹೊರಟಿದ್ದೇವೆಂದರೆ ನಮ್ಮವರಲ್ಲಿ ಅನೇಕರು ನಗುತ್ತಾರೆ. ಹಕ್ಕಿ ನೋಡಬೇಕಾದರೆ ಊರಿಗೆ ಹೋದಾಗ ರಂಗನತಿಟ್ಟು ಇದೆ, ಮಂಡಗದ್ದೆ ಇದೆ; ಮರಳುಗಾಡಿನಲ್ಲಿ ಏನಿದೆ ಎಂಬುದು ಅವರ ಪ್ರಶ್ನೆ. ಈ ದೇಶದಲ್ಲಿ ಹತ್ತು ಹದಿನೈದು ವರ್ಷ ದುಡಿದವರೂ ಮನೆ, ಕಚೇರಿ, ಮಾರುಕಟ್ಟೆಗಳಾಚೆ ಕಾಲಿಡದೆ ಊರಿಗೆ ಮರಳುವುದುಂಟು. ಆದುದರಿಂದ ಕಳೆದ ಚಳಿಗಾಲದಲ್ಲಿ ನಾವು ಕೆಲವು ಕುಟುಂಬದವರು ಸೇರಿ ಕಳೆದ ಒಂದು ದಿನದ ವಿಚಾರವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಬೆಳಿಗ್ಗೆ ಅಸೀರ್ ಪ್ರಾಂತ್ಯದ ಬೆಟ್ಟದ ಮೇಲೆ ನಡಿಗೆ, ಸಂಜೆ ಕೆಂಪು ಸಮುದ್ರದ ದಂಡೆಯಲ್ಲಿ ಹಕ್ಕಿಗಳು, ಅಷ್ಟೇ.

ಮೊದಲು ನೆಲದ ಮಾತು. ಅರೇಬಿಯಾದ ಪಶ್ಚಿಮದ ಅಂಚಿನಲ್ಲಿ ಸರವಾತ್ ಪರ್ವತಶ್ರೇಣಿ ಕಡಲಿಗೆ ಸಮಾನಾಂತರವಾಗಿ ಸಾಗುತ್ತದೆ. ಅದರ ಪಶ್ಚಿಮ ಮುಖ ಕಡಿದಾದ ಘಟ್ಟ. ಘಟ್ಟದ ಕೆಳಗೆ ತಿಹಾಮಾ ಎಂಬ ಸೆಕೆಯ ಕರಾವಳಿ. ಪೂರ್ವಕ್ಕೆ ನಿಧಾನವಾಗಿ ಇಳಿಯುವ ಒಣ ಪ್ರಸ್ಥಭೂಮಿ. ಭೂಪಟದ ಮೇಲೆ ಹೆಸರುಗಳನ್ನು ಅಳಿಸಿ ತೋರಿಸಿದರೆ ಸಹ್ಯಾದ್ರಿಯೆಂದೇ ನಾವು ಭ್ರಮಿಸಬಹುದು. ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಅಸೀರಿಗೆ ವಸಂತದಲ್ಲಿ ಬೀಳುವ ಮಳೆಯ ಜೊತೆಗೆ ಬೇಸಿಗೆಯಲ್ಲೂ ಒಂದಷ್ಟು ಮಳೆಯಾಗುತ್ತದೆ. ಅದನ್ನು ತರುವುದು ನಮ್ಮ ಮುಂಗಾರಿನ ಪಶ್ಚಿಮದ ಸೆರಗು. ಆಗುಂಬೆಯಲ್ಲಿ ಸುರಿಯುವುದರ ಹತ್ತನೆಯ ಒಂದು ಪಾಲೂ ಇಲ್ಲಿ ಸುರಿಯದು, ನಿಜ. ಆದರೆ ಆ ಅಲ್ಪ ಮಳೆ ಮತ್ತು ಕಡಲಿನಿಂದ ಏರಿಬರುವ ಮಂಜು ಇವೆರಡರಿಂದಲೇ ಇಲ್ಲಿ ಒಂದು ಕಾಡು ಬದುಕಿದೆ.

ಆ ಕಾಡಿರುವುದು ಅಭಾ ನಗರದ ಬಳಿಯ ಜಬಲ್ ಸೌದಾದ ಮೇಲೆ. ಸುಮಾರು 3,000 ಮೀಟರ್ ಎತ್ತರದ ಈ ಬೆಟ್ಟ ನಮ್ಮ ಮುಳ್ಳಯ್ಯನಗಿರಿಗಿಂತ ಒಂದು ಸಾವಿರ ಮೀಟರಿನಷ್ಟು ಹೆಚ್ಚು ಎತ್ತರವಾಗಿದೆ. ಸೌದಾ ಎಂದರೆ ಕಪ್ಪು. ಜುನಿಪರ್ ಮರಗಳು ಕವಿದು ದೂರಕ್ಕೆ ಕಪ್ಪಾಗಿ ಕಾಣುವುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಬೆಳಗಿನ ಚಳಿಯಲ್ಲಿ ಉಣ್ಣೆಯ ಟೊಪ್ಪಿಗೆ ಧರಿಸಿ ನಡೆಯತೊಡಗಿದೆವು. ಅವಸರವೇನೂ ಇರಲಿಲ್ಲ. ಕೊಂಬೆಕೊಂಬೆಗೂ ಜಟೆಯಂತೆ ಜೋತುಬಿದ್ದ ಕಲ್ಲುಹೂವನ್ನು ಕಂಡು ನಮ್ಮೊಡನಿದ್ದ ತೀರ್ಥಹಳ್ಳಿಯ ಹಿರಿಯರೊಬ್ಬರು ಬಹಳ ಹೊತ್ತು ಮಾತಾಡದೆ ನಿಂತರು.

ಈ ಕಾಡಿನ ಹಕ್ಕಿಗಳು ಹೊರಜಗತ್ತಿನ ವಿಜ್ಞಾನಕ್ಕೆ ಪರಿಚಯವಾದದ್ದು ಬಹುಮಟ್ಟಿಗೆ 1930ರ ದಶಕದಲ್ಲಿ. ದೊರೆ ಅಬ್ದುಲ್ ಅಜೀಜರ ಸಲಹೆಗಾರರಾಗಿದ್ದ ಸೇಂಟ್ ಜಾನ್ ಫಿಲ್ಬಿ ಎಂಬ ಆಂಗ್ಲರು ಈ ಬೆಟ್ಟಗಳಲ್ಲಿ ಅಲೆದು ಹಕ್ಕಿಗಳನ್ನು ಸಂಗ್ರಹಿಸಿದರು. ಇಲ್ಲಿನ ಒಂದು ಕವುಜಗಕ್ಕೆ ಅವರ ಹೆಸರೇ ಬಂದಿದೆ. ಅರೇಬಿಯಾದ ಏಕೈಕ ನಿವಾಸಿ ಮರಕುಟಿಗಕ್ಕೆ ಅವರ ಪತ್ನಿ ಡೋರಾ ಅವರ ಹೆಸರಿದೆ. ಆದರೆ ನಾವು ಹುಡುಕಿಕೊಂಡು ಹೋದದ್ದು ಬೇರೊಂದನ್ನು: ಅಸೀರ್ ಮ್ಯಾಗ್‌ಪೈ. ಕಪ್ಪುಬಿಳುಪು ಮೈ, ನೀಳವಾದ ಬಾಲ, ಕಾಗೆಯ ಕುಲ. ನಮ್ಮ ಮಟಪಕ್ಷಿಯ ದೂರದ ದಾಯಾದಿ ಎನ್ನಬಹುದು. 1936ರಲ್ಲಿ ಇದನ್ನು ಯುರೋಪಿನ ಮ್ಯಾಗ್‌ಪೈಯ ಒಂದು ಉಪಜಾತಿಯೆಂದು ವರ್ಣಿಸಿದ್ದರು. ಈಗ ಸ್ವತಂತ್ರ ಜಾತಿಯೆಂದೇ ಪರಿಗಣಿಸಲಾಗಿದೆ. ಸೌದಿ ಅರೇಬಿಯಾದ ಈ ಬೆಟ್ಟಸಾಲನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇದಿಲ್ಲ. ಉಳಿದಿರುವುದು 150 ಜೋಡಿಗಳಿಗಿಂತಲೂ ಕಡಿಮೆ ಎಂದು ತಜ್ಞರ ಅಂದಾಜು. ಈ ಸಭಾಂಗಣದಲ್ಲಿ ಕುಳಿತಿರುವ ನಾವೇ ಅವುಗಳಿಗಿಂತ ಹೆಚ್ಚಿರಬಹುದು.

ಎರಡು ಗಂಟೆ ನಡೆದ ಮೇಲೆ ಕಣಿವೆಯೊಂದರ ತಲೆಯಲ್ಲಿ ಕರ್ಕಶವಾದೊಂದು ಕೂಗು ಕೇಳಿತು. ಜುನಿಪರ್ ಮರದ ತುದಿಯಲ್ಲಿ ಒಂದು. ಅದರ ಕೆಳಗೆ ನೆಲದಲ್ಲಿ ಇನ್ನೊಂದು. ಒಂದಿಷ್ಟು ಹೊತ್ತು ನಮ್ಮನ್ನು ಗಮನಿಸಿ, ಬಾಲ ಕುಣಿಸುತ್ತಾ ಕಣಿವೆಯೊಳಗೆ ಇಳಿದುಹೋದವು. ಮಕ್ಕಳು, ಇಷ್ಟೇನಾ, ಎಂದರು. ಮೊದಲ ನೋಟಕ್ಕೆ ಇಷ್ಟೇ ಎನಿಸುವ ಹಕ್ಕಿ ಅದು, ಒಪ್ಪತಕ್ಕದ್ದೇ.

ಅವುಗಳ ಸಂಕಟಕ್ಕೆ ಕಾರಣ ಒಂದೇ ಅಲ್ಲ. ಗೂಡಿಗೆ ಆಸರೆಯಾದ ಜುನಿಪರ್ ಮರಗಳೇ ತುದಿಯಿಂದ ಒಣಗುತ್ತಾ ಬರುತ್ತಿರುವುದನ್ನು 1990ರ ದಶಕದಿಂದಲೂ ತಜ್ಞರು ಗಮನಿಸಿದ್ದಾರೆ. ಒಣಗುವಿಕೆ ಕಾಡಿನ ಕೆಳಗಿನ ಅಂಚಿನಲ್ಲೇ ಹೆಚ್ಚು. ಅಂದರೆ ಕಾಡು ಮೇಲಕ್ಕೆ ಸರಿಯುತ್ತಿದೆ, ಮೇಲೆ ಬೆಟ್ಟವೇ ಮುಗಿಯುತ್ತದೆ. ಇದರ ಜೊತೆಗೆ 2023ರಲ್ಲಿ ಸೌದಾದಲ್ಲಿ ಭಾರೀ ಪ್ರವಾಸೋದ್ಯಮ ಯೋಜನೆಯೊಂದನ್ನು ಘೋಷಿಸಲಾಗಿದೆ. ಗಿಡ ನೆಡುವ ಕಾರ್ಯವೂ ಅದರಲ್ಲಿ ಸೇರಿದೆ. ಹೋಟೆಲುಗಳೂ ಹಕ್ಕಿಗಳೂ ಒಂದೇ ಬೆಟ್ಟದಲ್ಲಿ ಹೇಗೆ ಬಾಳುತ್ತವೆಂಬುದನ್ನು ನೋಡಬೇಕು, ನಮಗಂತೂ ಆತಂಕವಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಪುಳಿಯೋಗರೆಗೆ ಆ ಎತ್ತರದಲ್ಲಿ ಬೇರೆಯೇ ರುಚಿ. ಆಮೇಲೆ ಸುರಂಗಗಳನ್ನೂ ಸೇತುವೆಗಳನ್ನೂ ದಾಟುತ್ತಾ ಘಟ್ಟದ ರಸ್ತೆಯಲ್ಲಿ ದರ್ಬ್ ಪಟ್ಟಣದ ಕಡೆಗೆ ಇಳಿದೆವು. ಇಲ್ಲಿಯ ಹಳೆಯ ಮನೆಗಳ ಒಳಗೋಡೆಗಳಲ್ಲಿ ಹೆಂಗಸರು ಬರೆಯುವ ಬಣ್ಣದ ರೇಖಾಚಿತ್ರಕ್ಕೆ ಅಲ್-ಕತ್ ಎಂದು ಹೆಸರು. 2017ರಲ್ಲಿ ಯುನೆಸ್ಕೋ ಮನ್ನಣೆ ಪಡೆದ ಈ ಕಲೆಯನ್ನು ಕಂಡವರಿಗೆ ಸಾಗರದ ಕಡೆಯ ಹಸೆ ಚಿತ್ತಾರ ನೆನಪಾಗದಿರದು. ಅದು ಇನ್ನೊಂದು ಉಪನ್ಯಾಸಕ್ಕೆ ವಸ್ತು.

ದಾರಿಬದಿಯಲ್ಲಿ ಬಬೂನ್ ಕೋತಿಗಳ ಹಿಂಡು. ವಾಹನ ನಿಲ್ಲಿಸಿ ಬಾಳೆಹಣ್ಣು, ಬ್ರೆಡ್ಡು ಎಸೆಯುವವರಲ್ಲಿ ನಮ್ಮ ದೇಶದವರೂ ಇದ್ದರೆಂದು ಹೇಳಲೇಬೇಕು. ಇದರಲ್ಲಿ ಪುಣ್ಯವೇನೂ ಇಲ್ಲ. ಮನುಷ್ಯರ ಅನ್ನಕ್ಕೆ ಒಗ್ಗಿದ ಕೋತಿಗಳು ಸಂಖ್ಯೆಯಲ್ಲಿ ಮಿತಿಮೀರಿ ಬೆಳೆದು, ಹೊಲಗಳನ್ನೂ ಮನೆಗಳನ್ನೂ ಲೂಟಿ ಮಾಡುತ್ತಿವೆ. ಸರಕಾರ ಇದನ್ನು ನಿಷೇಧಿಸಿದೆ. ಬುತ್ತಿಯ ಕಸವನ್ನೂ ಚೀಲದಲ್ಲಿ ಕಟ್ಟಿ ಮರಳಿ ತರುವುದು ಲೇಸು.

ಇಳಿಹೊತ್ತಿಗೆ ಶುಕೈಕ್ ಬಳಿಯ ಕಡಲು. ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡೆವು. ಇಲ್ಲಿ ಕಾಂಡ್ಲಾ ಗಿಡಗಳಿವೆ. ಅಘನಾಶಿನಿಯ ಅಳಿವೆಯಲ್ಲಿರುವಂತೆಯೇ ಕೆಸರಿನಿಂದ ಪೆನ್ಸಿಲುಗಳಂತೆ ಮೇಲೆದ್ದ ಉಸಿರುಬೇರುಗಳು, ಎಲೆಯ ಮೇಲೆ ಉಪ್ಪಿನ ಹುಡಿ. ನಾಲಿಗೆಗೆ ತಾಗಿಸಿ ನೋಡಿದ ಮಕ್ಕಳು ಅದನ್ನು ಮರೆಯಲಾರರು. ನೀರು ಇಳಿದಿದ್ದ ಕೆಸರುಬಯಲಿನಲ್ಲಿ ಬೂದುಬಣ್ಣದ ಕಡಲ ಬೆಳ್ಳಕ್ಕಿ, ಮಧ್ಯ ಏಷ್ಯಾದಿಂದ ಚಳಿ ಕಳೆಯಲು ಬಂದ ಪುಟ್ಟ ಗೊರವಗಳು, ಕಂಬದ ಮೇಲೆ ಕುಳಿತು ಮೀನು ಹರಿಯುತ್ತಿದ್ದ ಮೀನುಗಿಡುಗ. ಇವೆಲ್ಲವೂ ಮಲ್ಪೆ, ಕಾರವಾರಗಳ ಕಡೆಯಲ್ಲೂ ಕಾಣಸಿಗುವಂಥವೇ. ಬಿಳಿಗಣ್ಣಿನ ಕಡಲಕ್ಕಿ ಮಾತ್ರ ಈ ಸಮುದ್ರಕ್ಕೂ ಏಡನ್ ಕೊಲ್ಲಿಗೂ ಮೀಸಲಾದದ್ದು.

ನಮ್ಮ ಮನಸೆಳೆದದ್ದು ಕ್ರ್ಯಾಬ್ ಪ್ಲವರ್. ಬಿಳಿಯ ಮೈ, ಕಪ್ಪು ಬೆನ್ನು, ಏಡಿಯ ಚಿಪ್ಪನ್ನು ಒಡೆಯಬಲ್ಲ ದಪ್ಪ ಕೊಕ್ಕು. ಬೇಸಿಗೆಯಲ್ಲಿ ಇದು ಮರಳಿನಲ್ಲಿ ಬಿಲ ತೋಡಿ ಒಂದೇ ಒಂದು ಬಿಳಿಯ ಮೊಟ್ಟೆಯಿಡುತ್ತದೆ; ಬಿಸಿಲಿಗೆ ಕಾದ ಮರಳೇ ಕಾವಿನ ಬಹುಪಾಲನ್ನು ಒದಗಿಸುವುದರಿಂದ ತಾಯಿಗೆ ಬಿಡುವು. ಮರಿಯಾದರೋ ಹಾರಲು ಕಲಿತರೂ ಸ್ವಂತ ದುಡಿಮೆಗೆ ಇಳಿಯುವುದಿಲ್ಲ. ಚಳಿಗಾಲದ ವಲಸೆಯಲ್ಲೂ ಹೆತ್ತವರ ಹಿಂದೆಯೇ ಓಡಾಡುತ್ತಾ ತುತ್ತು ಬೇಡುತ್ತದೆ. ನಮ್ಮ ಕಣ್ಣೆದುರಿಗೇ ಬೂದುಮೈಯ ಮರಿಯೊಂದು ಹಾಗೆ ಬೇಡುತ್ತಿತ್ತು, ದೊಡ್ಡ ಹಕ್ಕಿ ಏಡಿಯನ್ನು ಕೊಟ್ಟೂ ಬಿಟ್ಟಿತು. ತಂದೆತಾಯಂದಿರು ಪರಸ್ಪರ ಮುಖ ನೋಡಿಕೊಂಡು ನಕ್ಕೆವು. ಈ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ಭಾರತದ ಪಶ್ಚಿಮ ಕರಾವಳಿಗೂ ಹೋಗುತ್ತವೆ.

ಹೋಗಬಯಸುವವರಿಗೆ ಒಂದೆರಡು ಸೂಚನೆಗಳು. ನವೆಂಬರಿನಿಂದ ಮಾರ್ಚಿಯವರೆಗಿನ ಕಾಲ ಕರಾವಳಿಗೆ ಹಿತ. ಬೆಟ್ಟಕ್ಕೆ ಉಣ್ಣೆಬಟ್ಟೆ ಬೇಕು. ಇಕಾಮಾ ಜೇಬಿನಲ್ಲಿರಲಿ. ದಂಡೆಯಲ್ಲಿ ದುರ್ಬೀನು ಹಿಡಿದವರನ್ನು ಕರಾವಳಿ ಕಾವಲಿನವರು ವಿಚಾರಿಸುವುದು ಸಹಜ. ಕಾವಲು ಠಾಣೆ, ಸ್ಥಾವರಗಳ ಕಡೆಗೆ ದುರ್ಬೀನನ್ನಾಗಲಿ ಕ್ಯಾಮೆರಾವನ್ನಾಗಲಿ ತಿರುಗಿಸದೆ, ಹಕ್ಕಿಪುಸ್ತಕವನ್ನು ತೆರೆದು ತೋರಿಸಿದರೆ ಸಾಕು. ನಮ್ಮನ್ನು ವಿಚಾರಿಸಲು ಬಂದ ಯುವಕ ಪುಸ್ತಕದ ಪುಟ ತಿರುವಿ, ಮೀನುಗಿಡುಗದ ಚಿತ್ರದ ಮೇಲೆ ಬೆರಳಿಟ್ಟು, ಅದರ ಗೂಡು ಯಾವ ದ್ವೀಪದಲ್ಲಿದೆಯೆಂದು ತಾನೇ ಹೇಳಿದನು.