ಹುಟ್ಟುಗುಣ ಸುಟ್ಟರೂ ಹೋಗದೇ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ನಿವೃತ್ತ ಪಶುವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಯಾವುದಾದರೂ ಒಂದು ವಿಷಯ ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ನೆನಪಾದದ್ದು ನಾಯಿ. ನಗಬೇಡಿ. ಆಸ್ಪತ್ರೆಗೆ ಬಂದವರು ನನ್ನನ್ನು ಹೆಚ್ಚು ಸಲ ಕೇಳಿದ ಪ್ರಶ್ನೆಯೇ ಇದು: "ಡಾಕ್ಟ್ರೇ, ಈ ಜಾತಿ ನಾಯಿ ಕಚ್ಚುತ್ತಾ?" ನಾಯಿಯ ಸಿಟ್ಟು ರಕ್ತದಲ್ಲಿ ಬರುತ್ತದೆಯೋ, ಸಾಕಿದ ರೀತಿಯಿಂದ ಬರುತ್ತದೆಯೋ ಎಂಬುದು ಆ ಪ್ರಶ್ನೆಯ ತಿರುಳು.

ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯವರು ದೊಡ್ಡ ನಾಯಿಯೊಂದನ್ನು ಕರೆತಂದರು. ಅದು ಮನೆಯ ಮಗುವನ್ನೇ ಕಚ್ಚಿತ್ತು. ಮಗುವಿಗೆ ಲಸಿಕೆ ಹಾಕಿಸಿದ್ದರು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿದ್ದೂ ಆಗಿತ್ತು, ರೇಬೀಸ್ ಇರಲಿಲ್ಲ. "ಇದರ ತಾಯಿಯೂ ಕಚ್ಚುತ್ತಿತ್ತಂತೆ ಸಾರ್, ಇನ್ನು ಇದು ಬೇಡ" ಎಂದರು ಯಜಮಾನರು. "ತಳಿಯೇ ಅಂಥದು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ" ಎಂದು ನಾನೂ ಒಪ್ಪಿ, ಸಾಯಿಸುವ ಚುಚ್ಚುಮದ್ದು ಕೊಟ್ಟೆ. ಸರಪಳಿ ಬಿಚ್ಚುವಾಗ ಕಂಡಿತು: ಕೊರಳ ಸುತ್ತ ಉಜ್ಜಿ ಉಜ್ಜಿ ಹುಣ್ಣು, ಬಲಗಿವಿಯ ಒಳಗೆ ಕೀವು. ಕೇಳಿದರೆ, ಮಗು ಆ ಕಿವಿಯನ್ನೇ ಹಿಡಿದು ಎಳೆದಿತ್ತಂತೆ. ಕಿವಿಯನ್ನು ಮೊದಲೇ ನೋಡಬೇಕಿತ್ತು. ನೋಡಲಿಲ್ಲ. ಉತ್ತರ ಗೊತ್ತಿದೆ ಎಂದುಕೊಂಡಿದ್ದೆ.

ಹಾಗಾದರೆ ರಕ್ತದ ಮಾತು ಪೂರ್ತಿ ಸುಳ್ಳೇ? ಅಲ್ಲ. ನಮ್ಮ ಮುಧೋಳ ನಾಯಿಗೆ ಮೊಲದ ಬೆನ್ನು ಹತ್ತುವುದನ್ನು ಯಾರೂ ಕಲಿಸಬೇಕಿಲ್ಲ. ಆ ಕಣ್ಣು, ಆ ಓಟ, ಆ ಹುಮ್ಮಸ್ಸು ತಲೆಮಾರುಗಳ ಆಯ್ಕೆಯಿಂದ ಬಂದವು. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ರಷ್ಯಾದಲ್ಲಿದೆ. 1959ರಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ ತುಪ್ಪಳಕ್ಕಾಗಿ ಸಾಕುತ್ತಿದ್ದ ನರಿಗಳ ಮೇಲೆ ಒಂದು ಪ್ರಯೋಗ ಆರಂಭಿಸಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯರಿಗೆ ಹೆದರದ, ಮೇಲೆ ಬೀಳದ ಕೆಲವನ್ನು ಮಾತ್ರ ಆರಿಸಿ ಮರಿ ಮಾಡಿಸಿದರು. ಯಾವುದಕ್ಕೂ ತರಬೇತಿ ಕೊಡಲಿಲ್ಲ. ಆರನೆಯ ತಲೆಮಾರಿನ ಹೊತ್ತಿಗೆ ಕೆಲವು ಮರಿಗಳು ನಾಯಿಮರಿಗಳಂತೆ ಕುಂಯ್‌ಗುಟ್ಟುತ್ತ ಬಂದು ಕೈ ನೆಕ್ಕತೊಡಗಿದವು. ಅಲ್ಲಿಯೇ ಸಿಟ್ಟಿನ ನರಿಗಳನ್ನು ಆರಿಸಿ ಇನ್ನೊಂದು ವಂಶವನ್ನೂ ಬೆಳೆಸಿದರು. ಸಿಟ್ಟಿನ ವಂಶದ ಮರಿಗಳನ್ನು ಸಾಧು ತಾಯಿಯ ಮಡಿಲಿಗೆ ಹಾಕಿದರೂ ಅವು ಬೆಳೆದು ಸಿಟ್ಟಿನವೇ ಆದವು. ಹಾಗಾಗಿ ಸ್ವಭಾವ ಅನುವಂಶೀಯವೇ ಎಂದರೆ, ಹೌದು, ಒಂದು ಪಾಲು ಖಂಡಿತ.

ಆದರೆ ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಬೆಲ್ಯಾಯೆವ್ ಒಂದೊಂದು ನರಿಯ ನಡತೆಯನ್ನೂ ನೋಡಿ ಆರಿಸಿದರು. ನಾವು ನೋಡುವುದು ಹೆಸರನ್ನು. ಇಂದಿನ ಬಹುಪಾಲು ತಳಿಗಳನ್ನು ಬಣ್ಣ, ಎತ್ತರ, ಮೂತಿಯ ಚೆಂದ ನೋಡಿ ಬೆಳೆಸಿದ್ದಾರೆ. ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಮಾಲೀಕರಿಂದ ಪಡೆದು, ಎರಡು ಸಾವಿರದಷ್ಟು ನಾಯಿಗಳ ಡಿಎನ್‌ಎ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡ 9 ಮಾತ್ರ. ಹೇಳಿದ ಮಾತು ಕೇಳುವ ಗುಣಕ್ಕೆ ತಳಿಯ ನಂಟು ತುಸು ಹೆಚ್ಚು. ಬೇಗ ಕೆರಳುವ ಗುಣಕ್ಕೆ ಬಹಳ ಕಡಿಮೆ.

ಹತ್ತನೆಯ ತರಗತಿಯ ಮಕ್ಕಳು ಮೆಂಡಲ್‌ನ ಬಟಾಣಿ ಗಿಡದ ಪಾಠ ಓದಿದ್ದೀರಿ. ಎತ್ತರದ ಗಿಡ, ಗಿಡ್ಡ ಗಿಡ ಎಂಬಷ್ಟು ಸರಳವಲ್ಲ ಸಿಟ್ಟು. ಅದರ ಹಿಂದೆ ಒಂದಲ್ಲ, ಅನೇಕ ಜೀನ್‌ಗಳಿವೆ. ಜೊತೆಗೆ ಹೆದರಿಕೆ, ನೋವು, ಕಲಿಕೆ ಎಲ್ಲವೂ ಸೇರುತ್ತವೆ. ನಾಯಿಮರಿಗೆ ಮೂರರಿಂದ ಹನ್ನೆರಡು ವಾರದವರೆಗಿನ ಕಾಲ ಬಹಳ ಮುಖ್ಯ. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಬೆದರುತ್ತಿದ್ದವು. ಅವು ಸಾಧು ತಳಿಯವೇ ಆಗಿದ್ದವು. ಆ ವಯಸ್ಸಿನಲ್ಲೇ ನಾವು ಮರಿಯ ಕೊರಳಿಗೆ ಸರಪಳಿ ಹಾಕಿ ಗೇಟಿನ ಪಕ್ಕ ಕಟ್ಟುತ್ತೇವೆ. ಆಮೇಲೆ ಜಾತಿಯನ್ನು ದೂರುತ್ತೇವೆ.

2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಭಾರಿ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು ಎಂಬುದು ನಿಜ. ಅಂಥದನ್ನು ಸಾಕುವವರ ಜವಾಬ್ದಾರಿಯೂ ಅಷ್ಟೇ ದೊಡ್ಡದು. ಆದರೆ ಹೆಸರಿನ ಪಟ್ಟಿಯಿಂದ ಮಕ್ಕಳು ಸುರಕ್ಷಿತರಾಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ನಾಯಿಯೂ ಕಚ್ಚುತ್ತದೆ.

ಆದ್ದರಿಂದ ಮರಿ ತರುವಾಗ ಜಾತಿ ಕೇಳುವ ಮೊದಲು ತಾಯಿಯನ್ನು ನೋಡಿ. ಹೊಸಬರನ್ನು ಕಂಡಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನಿಮಗೆ ಸಿಗುವ ಒಳ್ಳೆಯ ಜಾತಕ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರ್ ಎಂದರೆ ಹೊಡೆಯಬೇಡಿ, ಎಲ್ಲಿ ನೋವಿದೆ ಎಂದು ತೋರಿಸಲು ಆಸ್ಪತ್ರೆಗೆ ತನ್ನಿ. ಮಕ್ಕಳೇ, ಉಣ್ಣುವ ನಾಯಿಯನ್ನು, ಮಲಗಿದ ನಾಯಿಯನ್ನು, ಮರಿ ಹಾಕಿದ ನಾಯಿಯನ್ನು ಮುಟ್ಟಬೇಡಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಕೊನೆಯದಾಗಿ ಒಂದು ಮಾತು. ನನ್ನ ಅಣ್ಣ ಇದೇ ಶಾಲೆಯಲ್ಲಿ ಎರಡು ಸಲ ನಪಾಸಾಗಿದ್ದ. ನಾನು ಎಂಟನೆಯ ತರಗತಿಗೆ ಸೇರಿದ ದಿನ "ಓಹೋ, ಅವನ ತಮ್ಮನೇನೋ ನೀನು?" ಎಂದು ನಕ್ಕವರಿದ್ದರು. ನಮ್ಮ ವಿಜ್ಞಾನದ ಮೇಷ್ಟ್ರು ಮಾತ್ರ ನಗಲಿಲ್ಲ. ನನ್ನ ನೋಟ್‌ಬುಕ್ಕನ್ನು ತೆರೆದು ನೋಡಿದರು. ಮಕ್ಕಳನ್ನು ನಾನು ನಾಯಿಗೆ ಹೋಲಿಸುತ್ತಿಲ್ಲ, ನೋಡುವವರ ಕಣ್ಣಿನ ಬಗ್ಗೆ ಹೇಳುತ್ತಿದ್ದೇನೆ. ಅವರಿಂದ ಕಲಿತದ್ದನ್ನು ನಾನು ಒಂದು ದಿನ ಮರೆತೆ, ಒಂದು ಮೂಕಪ್ರಾಣಿ ಜೀವ ಕಳೆದುಕೊಂಡಿತು. ಅಂದಿನಿಂದ ಎಂಥ ನಾಯಿ ಬಂದರೂ ಮೊದಲು ಕಿವಿ ನೋಡುತ್ತಿದ್ದೆ.