ಪೀಠದ ದ್ರಾಕ್ಷಾರಸವೂ ಅದರ ಬೂಚೂ

(ಪೀಠಸೇವಕರನ್ನೂ ಉಪದೇಶಿಗಳನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸ)



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಅತ್ಯಲ್ಪವೆಂದು ತೋರುವ ಒಂದು ಸೇವೆಯನ್ನು ಕುರಿತು ನಾವು ಮಾತನಾಡಬಯಸುತ್ತೇವೆ. ಅದು ಬಲಿಪೂಜೆಗೆ ಮುನ್ನ ದ್ರಾಕ್ಷಾರಸದ ಬಾಟಲಿಯ ಬೂಚನ್ನು ತೆಗೆಯುವ ಕೆಲಸ.

ರೋಣ, ನರಗುಂದ, ಗಜೇಂದ್ರಗಡಗಳ ಈ ಸೀಮೆ ಜೋಳ, ಕಡಲೆ, ಹತ್ತಿಗಳ ನಾಡು. ಹಳ್ಳಿಯೊಂದಕ್ಕೆ ಪೂಜೆಗೆಂದು ಹೋದಾಗ ನಮ್ಮ ಚೀಲದಲ್ಲಿರುವುದು ಒಂದೇ ಬಾಟಲಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯಂತೆ ಪೂಜೆಯ ರಸವು ದ್ರಾಕ್ಷಿಯಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಅದು ಪೂರ್ಣ ಹುಳಿರಸವಾಗಿದ್ದರೆ ಬಲಿಪೂಜೆಗೆ ಸಲ್ಲದು. ಆಗ ಹೊಲದ ಕೆಲಸ ಬಿಟ್ಟು ಬಂದ ಭಕ್ತಾದಿಗಳು ಪೂಜೆಯಿಲ್ಲದೆ ಹಿಂದಿರುಗಬೇಕಾದೀತು.

ಬೂಚೆಂಬುದು ಒಂದು ಜಾತಿಯ ಓಕ್ ಮರದ ತೊಗಟೆ. ಪೋರ್ಚುಗಲ್ ದೇಶದಲ್ಲಿ ಅದು ಹೇರಳ. ಮರವನ್ನು ಕಡಿಯದೆ, ಸುಮಾರು 9 ವರ್ಷಗಳಿಗೊಮ್ಮೆ ತೊಗಟೆಯನ್ನು ಮಾತ್ರ ಸುಲಿಯುತ್ತಾರೆ. ಬೂಚು ಒಣಗಿದರೆ ಕುಗ್ಗುತ್ತದೆ. ಸಂದಿನಲ್ಲಿ ಗಾಳಿ ನುಗ್ಗಿ ರಸ ಕೆಡುತ್ತದೆ. ಆದುದರಿಂದ ಬಾಟಲಿಯನ್ನು ತಂಪಾದ, ಕತ್ತಲಿನ ಸ್ಥಳದಲ್ಲಿ ಅಡ್ಡವಾಗಿ ಮಲಗಿಸಿಡಬೇಕು. ನಮ್ಮ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಇಡಲೇಬಾರದು.

ತೆಗೆಯುವಾಗ ಮೊದಲು ಮೇಲಿನ ಹೊದಿಕೆಯನ್ನು ಕತ್ತರಿಸಿ, ಬಾಟಲಿಯ ಬಾಯನ್ನು ಶುಭ್ರವಾದ ಬಟ್ಟೆಯಿಂದ ಒರೆಸಿರಿ. ಬಾಟಲಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ತಿರುಪಿನ ಮೊನೆಯನ್ನು ಬೂಚಿನ ನಡುಮಧ್ಯದಲ್ಲಿಟ್ಟು ಬಲಕ್ಕೆ ತಿರುವಿರಿ. ಮೊನೆಯು ಬೂಚಿನ ತಳವನ್ನು ತೂರಿ ಹೊರಬಾರದಿರಲಿ. ತೂರಿದರೆ ಪುಡಿ ರಸಕ್ಕೆ ಉದುರುತ್ತದೆ. ಬಳಿಕ ಜಗ್ಗಾಡದೆ, ನೇರವಾಗಿ, ನಿಧಾನವಾಗಿ ಮೇಲಕ್ಕೆಳೆಯಿರಿ. ಬೂಚು ಮುರಿದರೆ ಗಾಬರಿಯಾಗಬೇಡಿರಿ. ಉಳಿದ ತುಂಡಿಗೆ ತಿರುಪನ್ನು ತುಸು ಓರೆಯಾಗಿ ಹಾಕಿ ಎಳೆಯಬಹುದು. ಒಳಗೆ ಬಿದ್ದರೂ ರಸ ಕೆಡದು. ಶುಭ್ರವಾದ ಬಟ್ಟೆಯಲ್ಲಿ ಸೋಸಿದರಾಯಿತು. ಕೊನೆಗೆ ವಾಸನೆ ನೋಡಿ, ಹುಳಿಯ ಘಾಟಿದ್ದರೆ ಪೂಜೆ ಪ್ರಾರಂಭವಾಗುವ ಮುನ್ನವೇ ಗುರುಗಳಿಗೆ ತಿಳಿಸಿರಿ.

ಇಂಗ್ಲೆಂಡಿನಲ್ಲಿ ಈ ತಿರುಪಿಗೆ ಮೊದಲ ಪೇಟೆಂಟ್ ಪಡೆದವರು ಒಬ್ಬ ಧರ್ಮಗುರುವೇ. ಆಂಗ್ಲಿಕನ್ ಸಭೆಯ ಸ್ಯಾಮ್ಯುಯೆಲ್ ಹೆನ್‌ಶಾಲ್, 1795ರಲ್ಲಿ. ಅವರು ತಿರುಪಿನ ಮೇಲ್ತುದಿಗೆ ಒಂದು ಚಿಕ್ಕ ಬಿಲ್ಲೆಯನ್ನು ಸೇರಿಸಿದರು. ಅದು ತಿರುಪು ಮಿತಿಮೀರಿ ಇಳಿಯದಂತೆ ತಡೆಯುತ್ತದೆ. ಇನ್ನೂ ತಿರುವಿದರೆ ಬೂಚೇ ತಿರುಗಿ, ಗಾಜಿನ ಹಿಡಿತ ಸಡಿಲಾಗುತ್ತದೆ. ಬಲಕ್ಕಿಂತ ಮಿತಿಯೇ ಇಲ್ಲಿ ಹೆಚ್ಚಿನ ಕೆಲಸ ಮಾಡುತ್ತದೆ.

ಆ ಮಿತಿ ನಮಗೂ ಬೇಕು. ಕುಡಿತದಿಂದ ನೊಂದ ಮನೆಗಳು ನಮ್ಮ ನಡುವೆಯೂ ಇವೆ. ಪೀಠಕ್ಕೆ ಸಲ್ಲುವ ರಸ ಪೀಠಕ್ಕೇ ಮೀಸಲೆಂಬುದನ್ನು ಮಕ್ಕಳು ನಮ್ಮ ನಡತೆಯಿಂದ ಕಲಿಯಲಿ. ಪೂಜೆ ಮುಗಿದೊಡನೆ ಬಾಟಲಿಗೆ ಬೂಚು ಬಿಗಿದು, ಕಪಾಟಿನಲ್ಲಿಟ್ಟು ಕೀಲಿ ಹಾಕಿರಿ. ತೆರೆದ ರಸವನ್ನು ಬಹುದಿನ ಉಳಿಸಬೇಡಿರಿ. ಯಾರ ಕಣ್ಣಿಗೂ ಬೀಳದ ಈ ಸೇವೆಯನ್ನು ಪ್ರಭು ಕಾಣುತ್ತಾರೆ. ಅವರ ಆಶೀರ್ವಾದ ನಿಮ್ಮೆಲ್ಲರ ಮೇಲಿರಲಿ.